ದೊರೆಗೆ ದೆವ್ವದ ಮಹಲು ಮಾರಿದ ಸೋಮರಸಯ್ಯ

ಹುಲಿಗುಡ್ಡದ ದೊರೆ ಹಾಲಪ್ಪ ನಾಯಕನಿಗೆ ದಾನ ಮಾಡುವ ಹುಚ್ಚು. ಆದರೆ ತನಗೆ ಬೇಡವಾದದ್ದನ್ನೇ ಹುಡುಕಿ ಹುಡುಕಿ ಕೊಡುತ್ತಿದ್ದ. ಕುಂಟು ಕುದುರೆಗಳು, ಹಲ್ಲು ಬಿದ್ದ ಬೇಟೆನಾಯಿಗಳು, ಒಬ್ಬ ಕಿವುಡ ಸಂಗೀತಗಾರ, ಎಲ್ಲರೂ ಹೀಗೆ ಯಾರ್‍ಯಾರದೋ ಮನೆ ಸೇರಿದ್ದರು.

ಒಂದು ದಿನ ತುಂಬಿದ ಸಭೆಯಲ್ಲಿ ಅವನ ಕಣ್ಣು ಸೋಮರಸಯ್ಯನ ಮೇಲೆ ಬಿತ್ತು. ಆಸ್ಥಾನದಲ್ಲಿ ಸೋಮರಸಯ್ಯನಿಗಿದ್ದ ಕೆಲಸ ಮಾತಾಡುವುದೊಂದೇ. ಅದನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ.

"ಸೋಮರಸಯ್ಯ, ನಿನ್ನ ಮಾತಿಗೆ ಮೆಚ್ಚಿದ್ದೇನೆ. ಕೋಟೆ ಬಾಗಿಲ ಪಕ್ಕದ ಹಳೇ ಮಹಲು ಇವತ್ತಿನಿಂದ ನಿನ್ನದು!"

ಸಭೆಯವರು ನಗು ಮುಚ್ಚಲು ಬಾಯಿಗೆ ಉತ್ತರೀಯ ಅಡ್ಡ ಹಿಡಿದರು. ಆ ಮಹಲಿನ ಮಾಳಿಗೆ ಅರ್ಧ ಕುಸಿದಿತ್ತು, ಉಳಿದರ್ಧ ಹೊತ್ತು ನೋಡುತ್ತಿತ್ತು. ಸಾಲದ್ದಕ್ಕೆ ದೆವ್ವ ಬೇರೆ.

"ದೊರೆಗಳ ಕೃಪೆ. ಆದರೆ ಈಗಿರೋ ಮನೆಯೇ ನನಗೆ ಸಾಕು" ಎಂದ ಸೋಮರಸಯ್ಯ.

"ಅದನ್ನು ದಳವಾಯಿಗೆ ಕೊಟ್ಟಾಯಿತು. ಹುಣ್ಣಿಮೆಯೊಳಗೆ ನೀನು ಸಂಸಾರ ಸಮೇತ ಮಹಲು ಸೇರಬೇಕು. ಬೇಡವೋ, ಮಾರಿಕೋ. ಒಂದು ಇಟ್ಟಿಗೆ ಮುಟ್ಟದೆ, ಹೇಗಿದೆಯೋ ಹಾಗೇ ಮಾರಬೇಕು, ಈ ಊರಿನವನಿಗೇ ಮಾರಬೇಕು. ಕುಂದು ಸಾರುವುದನ್ನು ಮರೀಬೇಡ ಮತ್ತೆ!"

ದೊರೆ ಕೊನೆಯ ಮಾತನ್ನು ಹೋಳಿಗೆ ಸವಿದಂತೆ ಸವಿದು ಹೇಳಿದ. ಹುಲಿಗುಡ್ಡದಲ್ಲಿ ಮನೆ ಮಾರುವವನು ಹೊಸ್ತಿಲ ಮೇಲೆ ನಿಂತು, ತಮಟೆ ಬಡಿಸಿ, ಮನೆಯ ಒಂದೊಂದು ಕುಂದನ್ನೂ ಊರಿಗೆಲ್ಲ ಕೇಳುವಂತೆ ಕೂಗಬೇಕು. ಅಷ್ಟು ಕೇಳಿಯೂ ಬೇಕೆನ್ನುವವನು ಹೊಸ್ತಿಲ ಮಣ್ಣನ್ನು ಬಟ್ಟೆಯ ಚುಂಗಿಗೆ ಕಟ್ಟಿಕೊಂಡರೆ ಮಾರಾಟ ಮುಗಿಯಿತು. ಸಾರಿದ್ದರಲ್ಲಿ ಸುಳ್ಳು ಸಿಕ್ಕಿದರೆ ಮಾತ್ರ ಮನೆ ವಾಪಸು.

ಸೋಮರಸಯ್ಯನ ಹೆಂಡತಿ ಸಿಂಗಮ್ಮ ತುಂಬು ಗರ್ಭಿಣಿ. ಸುದ್ದಿ ಕೇಳಿ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು.

"ಹೆರಿಗೆ ಆ ಮಾಳಿಗೆ ಕೆಳಗಾ? ನಾನು ತವರಿಗೆ ಹೋಗ್ತೀನಿ. ನೀವೂ ನಿಮ್ಮ ದೆವ್ವವೂ ಸುಖವಾಗಿ ಸಂಸಾರ ಮಾಡ್ಕೊಳ್ಳಿ!"

ಸೋಮರಸಯ್ಯನಿಗೆ ನಿಜಕ್ಕೂ ಭಯವಾಗಿತ್ತು. ಕಾಲು ಹಿಡಿದಾದರೂ ಬೇಡಿಕೊಳ್ಳೋಣವೆಂದು ಅರಮನೆಗೆ ಓಡಿದ.

ಅಲ್ಲಿ ನೋಡಿದರೆ ದೊರೆ ಪಡಸಾಲೆಯ ಕಂಬಕ್ಕೊರಗಿ ನಿಂತಿದ್ದ. ದೊರೆಯ ಉಯ್ಯಾಲೆಯಲ್ಲಿ ಅವನ ಭಾವಮೈದ ಭೈರನಾಯಕ ಮಲಗಿದ್ದ. ಗೌರಿ ಹಬ್ಬಕ್ಕೆ ಪರಿವಾರದೊಂದಿಗೆ ಬಂದವನು, ದೀಪಾವಳಿ ಕಳೆದರೂ ಊರ ಕಡೆ ತಲೆ ಹಾಕಿರಲಿಲ್ಲ. ಬಂದ ನೆಂಟನಿಗೆ ಹೊರಡು ಎನ್ನುವುದುಂಟೆ, ಅದೂ ರಾಣಿಯ ಒಡಹುಟ್ಟಿದವನಿಗೆ?

"ಭಾವ, ಇವತ್ತಿನ ಕಡುಬಿಗೆ ತುಪ್ಪ ಸಾಲಲಿಲ್ಲ" ಎಂದ ಭೈರನಾಯಕ ಕಣ್ಣು ಬಿಡದೆ.

"ಹೇಳಿಸ್ತೀನಪ್ಪ" ಎಂದ ದೊರೆ ಹಲ್ಲು ಕಚ್ಚಿಕೊಂಡು.

ಸೋಮರಸಯ್ಯ ಏನನ್ನೂ ಬೇಡದೆ ಹಿಂದಿರುಗಿದ. ದಾರಿಯಲ್ಲೇ ತಮಟೆಯವನಿಗೆ ಹೇಳಿ ಹೋದ.

ಮರುದಿನ ಮಹಲಿನ ಮುಂದೆ ಊರೇ ಸೇರಿತು. ತಮಾಷೆ ನೋಡಲು ದೊರೆಯೂ ಬಂದ. ಭೈರನಾಯಕ ಮಾತ್ರ ತಿಂಡಿ ತಿಂದು ಇನ್ನೊಂದು ನಿದ್ದೆಗೆ ಹೊರಳಿದ್ದ.

"ಕೇಳಿರಪ್ಪೋ ಕುಂದು!" ಸೋಮರಸಯ್ಯ ಕೂಗಿದ. "ಮಳೆ ಬಂದರೆ ಮನೆಯವರು ಮಲಗೋಕೆ ಒಂದು ಮೂಲೆ ಉಂಟು. ನೆಂಟರು ಮಲಗೋಕೆ ಗೇಣು ಜಾಗವೂ ಇಲ್ಲ!"

ದೊರೆ ಕಿಸಕ್ಕನೆ ನಕ್ಕ.

"ಒಲೆ ಹೊಗೆ ಕಾರುತ್ತೆ. ಇಬ್ಬರಿಗೆ ಬೇಯಿಸಿದರೆ ತಡೀಬಹುದು. ಹತ್ತು ಜನಕ್ಕೆ ಕಡುಬು ಇಟ್ಟರೆ ಆ ಹತ್ತೂ ಜನ ಕೆಮ್ಮುತ್ತಾ ಬೀದಿಗೆ ಬರ್‍ತಾರೆ!"

ದೊರೆಯ ನಗು ನಿಂತಿತು. ಅವನು ಎರಡು ಹೆಜ್ಜೆ ಮುಂದೆ ಬಂದ.

"ಇನ್ನು ದೊಡ್ಡ ಕುಂದು, ದೆವ್ವ. ನೆಂಟರಿಗೆ ಬಡಿಸಿ ಬಡಿಸಿಯೇ ಜೀವ ಬಿಟ್ಟ ಅಜ್ಜಿ ಅದು. ಮನೆಯವರ ತಂಟೆಗೆ ಬರೋದಿಲ್ಲ. ನೆಂಟರು ಉಂಡು ಕೈ ತೊಳೆದರೋ, ಕಿವಿ ಹತ್ತಿರ ಬಂದು 'ಊಟ ಆಯ್ತಲ್ಲ, ಯಾವಾಗ ಹೊರಡ್ತೀರಿ?' ಅಂತ ಕೇಳುತ್ತೆ!"

"ಹೌದು ಹೌದು, ನಮ್ಮ ಮಾವನ್ನೂ ಕೇಳಿತ್ತು!" ಎಂದ ಗುಂಪಿನಲ್ಲಿದ್ದ ಗಾಣಿಗ.

ದೊರೆ ಗುಂಪನ್ನು ಸೀಳಿಕೊಂಡು ಬಂದ. "ಸೋಮರಸಯ್ಯ, ಹೊರಡ್ತೀರಿ ಅಂತ ನೇರವಾಗೇ ಕೇಳುತ್ತಾ?"

"ಮುಖ ಮೋರೆ ನೋಡೋದಿಲ್ಲ ಪ್ರಭು. ಸತ್ತವಳಿಗೆ ಯಾರ ದಾಕ್ಷಿಣ್ಯ?"

"ಏನು ಬೇಕು ಕೇಳು!"

"ದಳವಾಯಿಗೆ ಕೊಟ್ಟ ನನ್ನ ಮನೆ."

"ಕೊಟ್ಟೆ!" ಎಂದವನೇ ದೊರೆ ಬಗ್ಗಿ ಮಣ್ಣು ಬಾಚಿ ಜರಿ ಅಂಚಿಗೆ ಕಟ್ಟಿಕೊಂಡ.

ಅಂದು ಸಂಜೆಯೇ ಭೈರನಾಯಕನಿಗೆ ಪ್ರತ್ಯೇಕ ಮಹಲಿನ ಮರ್ಯಾದೆ ಸಿಕ್ಕಿತು. ತಮ್ಮನಿಗೆ ಮಹಲು ಸಿಕ್ಕಿತೆಂದು ರಾಣಿ ಹಿಗ್ಗಿದಳು. ವಾರ ತುಂಬುವ ಮೊದಲೇ ಅವನು ಬಿಳಿಚಿಕೊಂಡು ಓಡಿ ಬಂದ. "ಭಾವ, ಯಾರೋ ಕೇಳಿದರು!" ಎಂದವನು ಎಲೆ ಅಡಿಕೆಗೂ ನಿಲ್ಲದೆ ಊರ ದಾರಿ ಹಿಡಿದ. ಅಜ್ಜಿ ಕೇಳಿದಳೋ, ಮಾಳಿಗೆ ಬಿರುಕಿನಲ್ಲಿ ಗಾಳಿ ಕೇಳಿತೋ, ಅವನಿಗೇ ಗೊತ್ತು.

ದೊರೆ ಖುಷಿಯಿಂದ ಉಯ್ಯಾಲೆ ಏರಿದ. ನಾಲ್ಕು ಸಲ ತೂಗಿಕೊಳ್ಳುವಷ್ಟರಲ್ಲಿ ತಲೆಗೆ ಹೊಳೆಯಿತು. ತಾನು ಕೊಟ್ಟ ಹಾಳು ಮನೆಯನ್ನು ತನಗೇ ಮಾರಿದ್ದಾನಲ್ಲ! ವಾಪಸು ಮಾಡಲು ನೆಪ ಹುಡುಕುತ್ತಾ, ಮಧ್ಯಾಹ್ನ ಬುತ್ತಿ ಕಟ್ಟಿಸಿಕೊಂಡು ಒಬ್ಬನೇ ಮಹಲಿಗೆ ಹೋಗಿ ಉಂಡ. ಕೈ ತೊಳೆದು ಸಂಜೆವರೆಗೂ ಕಾದ. ಒಂದು ಸೊಲ್ಲೂ ಕೇಳಿಸಲಿಲ್ಲ.

ಮರುದಿನ ಸಭೆಯಲ್ಲಿ ತೊಡೆ ತಟ್ಟಿದ. "ಸಿಕ್ಕಿಬಿದ್ದೆಯಾ ಸೋಮರಸಯ್ಯ! ನಾನು ಅಲ್ಲಿ ಹೊಟ್ಟೆ ತುಂಬ ಉಂಡು ಕೂತು ಬಂದೆ. ಅಜ್ಜಿಯೂ ಇಲ್ಲ ಗಿಜ್ಜಿಯೂ ಇಲ್ಲ. ನೀನು ಸಾರಿದ್ದು ಸುಳ್ಳು. ಮಾರಾಟ ರದ್ದು, ನಡಿ ಮಹಲಿಗೆ!"

ಸೋಮರಸಯ್ಯ ಎದ್ದು ಕೈ ಮುಗಿದ.

"ಮನೆ ಯಜಮಾನನನ್ನು ಯಾವಾಗ ಹೊರಡ್ತೀಯ ಅಂತ ಅಜ್ಜಿ ಹೇಗೆ ಕೇಳ್ತಾಳೆ ಪ್ರಭು? ಮನೆ ಇನ್ನೂ ನನ್ನದೇ ಆಗಿದ್ದಿದ್ದರೆ, ಅವಳು ನಿಮ್ಮನ್ನು ಕೈ ತೊಳೆಯೋಕೂ ಬಿಡ್ತಿರಲಿಲ್ಲ!"

ದೊರೆ ಪೇಟ ಜಾರುವವರೆಗೂ ನಕ್ಕ. ಸಿಂಗಮ್ಮನ ಬಾಣಂತನಕ್ಕೆಂದು ಹಾಲು ಕರೆಯುವ ಹಸುವೊಂದನ್ನು ಆವತ್ತೇ ಅವಳ ಮನೆಗೆ ಹೊಡೆಸಿದ.