ಅಂಗೈಬಂಡೆ

ಬೇವಿನದಿನ್ನಿಯಿಂದ ಮೂಡಣಕ್ಕೆ ಒಂದು ಹರದಾರಿ ನಡೆದರೆ ಸಿಗುವ ಕರಿಗುಡ್ಡಕ್ಕೆ ಅಂಗೈಬಂಡೆ ಎಂದು ಹೆಸರು. ಸುತ್ತಿನ ಹದಿನೆಂಟು ಹಳ್ಳಿಗಳಲ್ಲಿ ಗುಡ್ಡಗಳಿಗೇನೂ ಬರವಿಲ್ಲ; ಆದರೆ ಇದರ ಮುಂದೆ ಅವೆಲ್ಲ ಗೆದ್ದಲು ಕಟ್ಟಿದ ಹುತ್ತಗಳು. ನೆತ್ತಿಯ ಹಾಸುಬಂಡೆಯ ಮೇಲೆ ಸಾಲಾಗಿ ಕುಳಿಗಳಿವೆ. ಒಂದೊಂದೂ ಹಿಟ್ಟು ನಾದುವ ಪರಾತದಷ್ಟು ಅಗಲ, ಒಂದನ್ನು ಬಿಟ್ಟರೆ ಎಲ್ಲವೂ ಮೊಣಕೈ ಮುಳುಗುವಷ್ಟು ಆಳ. ಎಣಿಸಿದವರಿಗೆ ಒಮ್ಮೆ ಎಪ್ಪತ್ತು ಸಿಗುತ್ತವೆ, ಇನ್ನೊಮ್ಮೆ ಎಪ್ಪತ್ತೆರಡು. ಪೇಟೆಯಿಂದ ಬಂದ ಓದಿದವರೊಬ್ಬರು ಮಳೆನೀರು ಕೊರೆದದ್ದು ಎಂದು ಬರೆದುಕೊಂಡು ಹೋದರು. ಮಳೆ ಈ ಸೀಮೆಗೆ ಬರುವುದೇ ಬೀಗರ ಹಾಗೆ, ವರ್ಷಕ್ಕೆ ನಾಲ್ಕು ದಿನ. ಅದಕ್ಕೆ ಬಂಡೆ ಕೊರೆಯುವ ಪುರಸೊತ್ತು ಎಲ್ಲಿಯದು? ಅವು ಹೆಂಗಸರು ಕುಟ್ಟಿ ಕುಟ್ಟಿ ಮಾಡಿದ ಒರಳುಗಳು.

ಹಿಂದೆ ಒಮ್ಮೆ ಈ ಗುಡ್ಡದ ಹೊಟ್ಟೆಯಲ್ಲಿ ಹೊನ್ನಿತ್ತು ಎನ್ನುತ್ತಾರೆ. ಎಷ್ಟಿತ್ತೆಂದರೆ, ಇಲ್ಲಿ ಮೇದ ಆಡುಗಳ ಹಲ್ಲು ಬಿಸಿಲಿಗೆ ಹೊಳೆದು ಕುರುಬರು ಕಣ್ಣು ಮುಚ್ಚಿಕೊಂಡು ಹಾಲು ಕರೆಯುತ್ತಿದ್ದರಂತೆ. ಗಂಡಸರು ಗವಿ ತೋಡಿ ಒಳಗಿಳಿದು ಕಲ್ಲು ಒಡೆದು ಮೇಲೆ ಕಳಿಸುವರು. ಹೆಂಗಸರು ನೆತ್ತಿಯ ಮೇಲೆ ಕೂತು ಗುಂಡುಕಲ್ಲಿನಿಂದ ಅದನ್ನು ಹಿಟ್ಟಿನಂತೆ ಕುಟ್ಟಿ, ಮರಿಗೆಯಲ್ಲಿ ತೊಳೆದು ಹೊನ್ನಿನ ಕಣ ತೆಗೆಯುವರು. ಗಂಡಾಳಿಗೆ ದಿನಕ್ಕೆ ಎರಡು ಸೇರು ಜೋಳ, ಹೆಣ್ಣಾಳಿಗೆ ಒಂದು. ಕಲ್ಲಿನ ಧೂಳು ಎದೆಗಿಳಿದು ಮೂವತ್ತಕ್ಕೇ ಮುದುಕಿಯರಂತೆ ಕೆಮ್ಮುವರು. ಆದರೆ ಅವರು ಕುಟ್ಟುವ ಸದ್ದಿಗೆ ಇನ್ನೊಂದು ಕೆಲಸವೂ ಇತ್ತು. ಗುಡ್ಡ ಒಳಗೆ ಜರುಗುವ ಮುಂಚೆ ಒರಳಿನ ಪುಡಿ ಸಣ್ಣಗೆ ನಡುಗುತ್ತದೆ. ಅದು ಮೊದಲು ತಿಳಿಯುವುದು ಮೇಲೆ ಕೂತವಳ ಅಂಗೈಗೆ. ತಿಳಿದೊಡನೆ ಸಾಲಿಗೆ ಸಾಲೇ ಕುಟ್ಟುವುದನ್ನು ನಿಲ್ಲಿಸಬೇಕು. ಮೇಲಿನ ಸದ್ದು ಕೇಳುತ್ತಿರುವವರೆಗೆ ಒಳಗಿನವರು ನಿಶ್ಚಿಂತೆಯಿಂದ ಕಲ್ಲು ಒಡೆಯುವರು. ಸದ್ದು ನಿಂತರೆ ಕೈಯಲ್ಲಿದ್ದದ್ದನ್ನು ಬಿಸುಟು ಮೇಲೆ ಹತ್ತುವರು.

ನಿಂಬೆವ್ವ ಎಂಬವಳ ಅಂಗೈ ಆ ಸಾಲಿನಲ್ಲೇ ಹೆಸರಾದದ್ದು. ಮೂರು ಹರದಾರಿ ಆಚೆ ಹೇಂಟೆಯೊಂದು ಮೊಟ್ಟೆ ಇಟ್ಟರೆ ಅವಳ ಅಂಗೈಗೆ ತಿಳಿಯುತ್ತಿತ್ತು ಎನ್ನುತ್ತಾರೆ. ಗಂಡ ಧೂಳಿನ ಕೆಮ್ಮಿನಲ್ಲೇ ಹೋಗಿದ್ದ. ಉಳಿದವಳು ಮಗಳು ದುರುಗಿ. ಆ ವರ್ಷ ಹೊನ್ನಿನ ಎಳೆ ಕಿರಿದಾಗುತ್ತ ಗಂಡಸರ ಭುಜ ತೂರದಂತಾಯಿತು. ಹೆಣ್ಣಿನ ಕಾಲು ಸೋಕಿದರೆ ಹೊನ್ನು ಮಣ್ಣಾಗುತ್ತದೆ ಎಂಬ ತಲೆತಲಾಂತರದ ಮಾತು ಹಿಡಿದು ಹೆಂಗಸರನ್ನು ಗವಿಯ ಬಾಯಿಗೂ ಹೋಗಗೊಡದಿದ್ದ, ಆಳುಗಳ ಮೇಲಿನ ಗುರಿಕಾರ ಸಂಕಪ್ಪ, ತನ್ನ ಶಾಸ್ತ್ರವನ್ನು ತಾನೇ ನುಂಗಿಕೊಂಡು, ಗಂಡಸರ ಬದಲು ಸಣ್ಣ ಮೈಯ ಹನ್ನೆರಡು ಹೆಣ್ಣುಮಕ್ಕಳನ್ನು ಒಳಗಿಳಿಸಿದ. ಕೆಲಸ ಗಂಡಸಿನದು, ಜೋಳ ಮಾತ್ರ ಒಂದೇ ಸೇರು. ಸಾಲದ್ದಕ್ಕೆ, ಗುಡ್ಡದ ಭಾರ ಹೊರಲೆಂದು ಹಿರಿಯರು ಕೊರೆಯದೆ ಬಿಟ್ಟಿದ್ದ ಕಲ್ಲುಕಂಬಗಳಲ್ಲೂ ಹೊನ್ನಿದೆ, ಅವನ್ನೂ ಕೆತ್ತಿ ಎಂದ. ಆ ಹನ್ನೆರಡರಲ್ಲಿ ದುರುಗಿಯೂ ಒಬ್ಬಳು. ಅವಳ ಜೊತೆಗಾತಿ, ತಾಯಿಯಿಲ್ಲದ ಬಸ್ಸಿ ಇನ್ನೊಬ್ಬಳು.

ಮಗಳು ಒಳಗಿಳಿದ ಮೇಲೆ ನಿಂಬೆವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರನೆಯ ದಿನವೇ ಪುಡಿ ನಡುಗಿತೆಂದು ಕೈ ಎತ್ತಿದಳು, ಸಾಲು ನಿಂತಿತು, ಹುಡುಗಿಯರು ಓಡಿ ಬಂದರು. ಗುಡ್ಡ ಜರುಗಲಿಲ್ಲ. ಅತ್ತ ಗವಿಯ ಹಿಂದೆ ಎಮ್ಮೆಗಳ ಹಿಂಡು ಓಡಿತ್ತು, ಅಷ್ಟೆ. ಸಂಕಪ್ಪ ಇಡೀ ಸಾಲಿಗೆ ಮೂರು ದಿನದ ಜೋಳ ಮುರಿದುಕೊಂಡ. ಇನ್ನೊಮ್ಮೆ ತನ್ನ ಮಾತಿಲ್ಲದೆ ನಿಲ್ಲಿಸಿದರೆ ಅಮಾವಾಸ್ಯೆಯವರೆಗೆ ಕಾಳಿಲ್ಲ ಎಂದ. ನಿಂಬೆವ್ವನ ಪಕ್ಕದ ಒರಳು ಹಂಪವ್ವನದು. ಅವಳ ಏಟು ಹಿಡಿದೇ ಇಡೀ ಸಾಲು ಕುಟ್ಟುತ್ತಿತ್ತು. ಮನೆಯಲ್ಲಿ ಐದು ಮಕ್ಕಳು. ಮೂರು ದಿನ ಅಂಬಲಿಗೂ ಗತಿಯಿಲ್ಲದೆ ನಾಲ್ಕನೆಯ ದಿನ ಬಂದವಳು, "ನಿನ್ನ ಅಂಗೈ ತುರಿಸಿದ್ರ ನಮ್ಮ ಒಲಿ ಆರತೈತಿ, ಯಕ್ಕಾ. ಮನಿಗೆ ಹೋಗಿ ಬೆಣ್ಣಿ ಹಚ್ಚಿಕೋ" ಎಂದಳು. ಸಾಲು ನಕ್ಕಿತು.

ಒಂದು ವಾರವೂ ಕಳೆದಿರಲಿಲ್ಲ, ಹೊತ್ತು ನೆತ್ತಿಗೇರಿದಾಗ ನಿಂಬೆವ್ವನ ಒರಳಿನ ಪುಡಿ ಮತ್ತೆ ನಡುಗಿತು. ಅವಳು ಕೈ ಎತ್ತಲಿಲ್ಲ. ಎಮ್ಮೆಗಳಿರಬಹುದು ಎಂದುಕೊಂಡಳು. ಹಂಪವ್ವನ ಮಕ್ಕಳನ್ನು ನೆನೆದಳು. ಹೀಗೆ ಒಂದು ಬೊಗಸೆ ಕಲ್ಲು ಪುಡಿಯಾಗುವಷ್ಟು ಹೊತ್ತು ಕುಟ್ಟುತ್ತಲೇ ಇದ್ದಳು. ಆಮೇಲೆ ನಡುಕ ಅಂಗೈ ದಾಟಿ ಹಲ್ಲಿಗೆ ಬಂತು. ಗುಂಡುಕಲ್ಲು ಕೆಳಗಿಟ್ಟು ನಿಲ್ಲಿಸಿ ಎಂದಳು, ಯಾರೂ ನಿಲ್ಲಿಸಲಿಲ್ಲ. ಕೋಲು ಹಿಡಿದ ಸಂಕಪ್ಪ ಅಲ್ಲೇ ನಿಂತಿದ್ದ. ಅವಳೊಬ್ಬಳು ನಿಲ್ಲಿಸಿದರೇನು, ಎಪ್ಪತ್ತು ಕಲ್ಲುಗಳ ಸದ್ದು ಒಳಗಿನವರಿಗೆ ಎಲ್ಲ ನೆಟ್ಟಗಿದೆ ಎಂದೇ ಹೇಳುತ್ತಿತ್ತು. ಆಗ ನಿಂಬೆವ್ವ ಹಂಪವ್ವನ ಒರಳಿಗೆ ಬಲಗೈ ಚಾಚಿ, ಅಂಗೈ ಮೇಲೆ ಮಾಡಿ ಇಟ್ಟಳು.

"ಕೈ ತೆಗೀ ಯಕ್ಕಾ."

"ತೆಗಿಯಂಗಿಲ್ಲ. ಕುಟ್ಟು."

ಎತ್ತಿದ ಕಲ್ಲನ್ನು ಹಂಪವ್ವ ತಡೆಯಲು ನೋಡಿದಳು, ಆಗಲಿಲ್ಲ. ಎಲುಬು ಮುರಿದ ಸದ್ದಿಗೆ ಸಾಲಿನ ತಾಳ ತಪ್ಪಿತು. ಒಂದು ಕಲ್ಲು ನಿಂತಿತು, ಹತ್ತು ನಿಂತವು, ಕೊನೆಗೆ ಗುಡ್ಡವೆಲ್ಲ ಸುಮ್ಮನಾಯಿತು. ಸಂಕಪ್ಪ ಕುಟ್ಟಿರೆಂದು ಕೋಲು ಬೀಸಿದ. ಹಂಪವ್ವ ರಕ್ತದ ಕಲ್ಲನ್ನು ಅವನ ಕಾಲ ಬಳಿ ಇಟ್ಟು, "ನೀನ ಕುಟ್ಟಪಾ" ಎಂದಳು. ಹುಡುಗಿಯರು ಒಬ್ಬೊಬ್ಬರಾಗಿ ಗವಿಯ ಬಾಯಿಗೆ ಬಂದರು. ಹನ್ನೊಂದನೆಯವಳು ದುರುಗಿ. ತನ್ನ ಹಿಂದೆಯೇ ಬಸ್ಸಿ ಬರುತ್ತಿದ್ದಾಳೆ ಎಂದು ತಿರುಗಿ ಕೈ ಕೊಡುವಷ್ಟರಲ್ಲಿ ಗುಡ್ಡ ಒಳಗೊಳಗೇ ಕುಸಿಯಿತು. ಆ ಸದ್ದಿಗೆ ಏಳು ಊರುಗಳ ಕಾಗೆಗಳು ನಡುಹಗಲೇ ಗೂಡು ಸೇರಿದವು, ಧೂಳು ಮೂರು ದಿನ ಸೂರ್ಯನನ್ನು ತೋರಗೊಡಲಿಲ್ಲ ಎನ್ನುತ್ತಾರೆ. ಬಸ್ಸಿ ಮೇಲೆ ಬರಲಿಲ್ಲ.

ಮರುದಿನದಿಂದ ಹೆಂಗಸರು ಒರಳ ಮುಂದೆ ಬಂದು ಕೂತರು, ಕಲ್ಲು ಮುಟ್ಟಲಿಲ್ಲ. ಹೊಸದಾಗಿ ತೋಡುವ ಗವಿಯ ಕಂಬಗಳಿಗೆ ಯಾರೂ ಕೈ ಹಚ್ಚಬಾರದು. ಹೆಣ್ಣಾಳಿಗೂ ಎರಡು ಸೇರು. ನಿಲ್ಲಿಸಿದವಳನ್ನು ಯಾಕೆಂದು ಕೇಳಬಾರದು, ಅವಳ ಎಣಿಕೆ ತಪ್ಪಿದರೂ ಸರಿಯೆ. ಮೂರೇ ಮಾತು. ಕುಟ್ಟದ ಹೊರತು ಕಲ್ಲು ಹೊನ್ನಾಗುವುದುಂಟೆ? ಹಟ ಹಿಡಿದ ಸಂಕಪ್ಪ ತಾನೇ ಕುಟ್ಟಲು ಕೂತನಂತೆ. ಒಂದು ಒರಳಿನಷ್ಟು ಕಲ್ಲು ಪುಡಿಯಾಗುವಷ್ಟರಲ್ಲಿ ಅವನ ಕರಿಮೀಸೆ ಬೆಳ್ಳಗಾಗಿತ್ತು. ಒಂಬತ್ತನೆಯ ದಿನ ಒಪ್ಪಿದ. ಮಂದಿ ನಿಂಬೆವ್ವನನ್ನು ಹೊಗಳಿದರು. ಅವಳಿಗೆ ಅದು ಹಿಡಿಸಲಿಲ್ಲ. ಮುರಿದ ಕೈಯ ನೋವನ್ನು ಒಂದು ದಿನವೂ ಆಡದವಳು, ಮಗಳ ಮುಂದೆ ಮಾತ್ರ ಸಾಯುವವರೆಗೆ ಒಂದೇ ಮಾತು ಹೇಳುತ್ತಿದ್ದಳು. "ಆ ಒಂದು ಬೊಗಸಿ ನಾ ಕುಟ್ಟಬಾರದಿತ್ತು."

ಹೊನ್ನು ತೀರಿ ಎಷ್ಟೋ ತಲೆಮಾರುಗಳಾದವು. ಈಗ ಹೋದವರಿಗೆ ಕಾಣುವುದು ಒರಳುಗಳ ಸಾಲು, ಅದರಲ್ಲಿ ನಿಂಬೆವ್ವ ಕೈ ಇಟ್ಟ ಮೇಲೆ ಯಾರೂ ಕುಟ್ಟದೆ ಅರ್ಧ ಆಳಕ್ಕೇ ನಿಂತುಹೋದ ಒಂದು ಕುಳಿ, ಕೆಳಗೆ ಕಲ್ಲು ಬಿದ್ದು ಮುಚ್ಚಿದ ಗವಿಯ ಬಾಯಿ. ಪಕ್ಕದ ಕ್ವಾರಿಯಲ್ಲಿ ಜಲ್ಲಿ ಒಡೆಯುವ ಹೆಂಗಸರು ಹೊಸದಾಗಿ ಕೆಲಸಕ್ಕೆ ಸೇರಿದವಳನ್ನು ಮೊದಲು ಇಲ್ಲಿಗೇ ಕರೆತರುತ್ತಾರೆ. ಹೂವಿಲ್ಲ, ಕಾಯಿಲ್ಲ. ಅವಳು ಆ ಅರ್ಧ ಕುಳಿಯಲ್ಲಿ ಬಲಗೈ ಇಡುತ್ತಾಳೆ. ಉಳಿದವರು ಗವಿಯ ಕಡೆ ಮುಖ ಮಾಡಿ ಮಾತು ನಿಲ್ಲಿಸಿ ಕೂರುತ್ತಾರೆ. ಕೆಳಗೆ ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಏಳುವುದಿಲ್ಲ. ಎಷ್ಟು ಹೊತ್ತು ಎಂದು ಕೇಳಿದರೆ, ಒಳಗಿರುವ ಒಬ್ಬಳು ಮೇಲೆ ಹತ್ತಿ ಬರುವಷ್ಟು ಹೊತ್ತು ಎನ್ನುತ್ತಾರೆ.