ಮದ್ದು ಹಾಕಿದವರು ಯಾರು?

“ಕೇಳಿರಪ್ಪೋ ಕೇಳಿ! ರಾಜಮಾತೆ ಮಲ್ಲಾಜಮ್ಮಣ್ಣಿಯವರಿಗೆ ಯಾರೋ ಮದ್ದು ಹಾಕಿದ್ದಾರೆ. ಅಡುಗೆಯ ಲಕ್ಕವ್ವ ಸೆರೆಯಲ್ಲಿದ್ದಾಳೆ. ರಾಜಮಾತೆಯ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯಬಹುದು. ಸೋತವರಿಗೆ ತಲೆದಂಡ. ಯಾರೂ ಗೆಲ್ಲದಿದ್ದರೆ ಅಮಾವಾಸ್ಯೆಗೆ ಲಕ್ಕವ್ವನಿಗೆ ಶೂಲ!”

ಕಂಚಿನಕೋಟೆಯಲ್ಲಿ ಹೀಗೆ ಡಂಗುರ ಹೊಡೆಸಿದವನು ರಾಜ ವೀರಮಲ್ಲ. ಪಾಪ, ಅವನಿಗೆ ತಾಯಿಯೆಂದರೆ ಪ್ರಾಣ. ಕುದುರೆ ಏರುತ್ತಿದ್ದ ತಾಯಿ ಈಗ ತೂರಾಡುತ್ತಾಳೆ, ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಾಳೆ. ಕೈಗೆ ಸಿಕ್ಕವಳು ಅಡುಗೆಯವಳು.

ರಾಜಮಾತೆ ಮೊದಲ ಒಗಟು ಹೇಳಿದಳು: “ಕಳ್ಳನನ್ನು ಓಡಿಸಲು ಒಬ್ಬ ಬಂದ. ಬಂದವನು ಮನೆಯಲ್ಲೇ ಉಳಿದ. ಅವನ ಕಾಟ ತಡೆಯಲು ಇನ್ನೊಬ್ಬ ಬಂದ, ಅವನ ಕಾಟಕ್ಕೆ ಮತ್ತೊಬ್ಬ. ಯಾರಿವರು?”

ಪಂಡಿತನೊಬ್ಬ “ನೆಂಟರು” ಎಂದ. ದಂಡನಾಯಕ “ಕೂಲಿ ಸೈನಿಕರು” ಎಂದು ಮೀಸೆ ತಿರುವಿದ. ಇಬ್ಬರೂ ಸೋತರು. “ತಲೆ ನಾಳೆ ತೆಗೆಯಿರಿ” ಎಂದ ರಾಜಮಾತೆ ಮರುದಿನ ಆ ಮಾತೇ ಎತ್ತಲಿಲ್ಲ. ಅದು ಮರೆವೋ ಮರುಕವೋ, ಅವಳಿಗೇ ಗೊತ್ತು.

ಅಮಾವಾಸ್ಯೆ ಬಂದೇಬಿಟ್ಟಿತು. ಆಗ ಮುಂದೆ ಬಂದವನು ಅರಮನೆಯ ಬಚ್ಚಲಿಗೆ ನೀರು ಹೊರುವ ಚೆನ್ನಿಗ, ಲಕ್ಕವ್ವನ ಮಗ.

“ಮದ್ದು, ತಾಯಿ. ನೀರು ತರುವಾಗ ದಿನಾ ನೋಡ್ತಿದ್ದೆ. ಮಂಡಿನೋವಿಗೆ ವೈದ್ಯರು ಒಂದು ಕೊಟ್ರು, ಅದು ಹೊಟ್ಟೆ ಸುಡ್ತು. ಹೊಟ್ಟೆಗೆ ಕೊಟ್ಟಿದ್ದು ನಿದ್ದೆ ಕೆಡಿಸ್ತು. ನಿದ್ದೆಗೆ ಕೊಟ್ಟಿದ್ದು ನಿಮ್ಮನ್ನ ಬೀಳಿಸ್ತು.”

ರಾಜಮಾತೆ ನೆಟ್ಟಗೆ ಕುಳಿತಳು. “ಸೊಸೆಯಾಗಿ ಬಂದಾಗ ಒಂದು ಚಿಟಿಕೆ, ಮುದುಕಿಯಾದಾಗಲೂ ಅದೇ ಚಿಟಿಕೆ. ಆದರೂ ಅದು ಹೆಚ್ಚಾಯಿತು. ಹೇಗೆ?”

“ಹಳೇ ಬಚ್ಚಲಲ್ಲಿ ನೀರು ಬೇಗ ಇಳಿಯಲ್ಲ ತಾಯಿ. ಹೊಸದರಲ್ಲಿ ಹರಿದುಹೋಗ್ತಿದ್ದ ಒಂದೇ ಕೊಡ, ಹಳೇದರಲ್ಲಿ ಹಿಮ್ಮಡಿ ಮುಳುಗುವಷ್ಟು ನಿಲ್ತದೆ. ವಯಸ್ಸಾದ ಮೈಯಲ್ಲಿ ಮದ್ದೂ ಹಂಗೇ ನಿಲ್ತದೆ.”

“ಯಾವ ವೈದ್ಯನ ಚೀಲದಲ್ಲೂ ಇಲ್ಲದ ಮದ್ದು ಯಾವುದು?”

ಚೆನ್ನಿಗ ಸಂಕೋಲೆಯಲ್ಲಿ ನಿಂತಿದ್ದ ಅವ್ವನ ಕಡೆ ನೋಡಿದ. ಜ್ವರ ಬಿಟ್ಟ ದಿನ ಅವಳು ಕಷಾಯದ ಲೋಟವನ್ನು ಅವನ ಕೈಯಿಂದ ತೆಗೆದಿಟ್ಟು ಹೇಳುತ್ತಿದ್ದ ಮಾತು ನೆನಪಾಯಿತು.

“‘ಸಾಕು’ ಅನ್ನೋ ಮಾತು, ತಾಯಿ.”

ರಾಜಮಾತೆಯ ಕಣ್ಣು ತುಂಬಿತು. “ಗೆದ್ದೆ ಮಗಾ. ಏನು ಬೇಕು?”

“ನಮ್ಮವ್ವ.”

ಸಂಕೋಲೆ ಕಳಚಿತು. ರಾಜ ಕಂಗಾಲಾಗಿ ಕೇಳಿದ: “ಹಾಗಾದರೆ ಮದ್ದು ಹಾಕಿದವರು ಯಾರು?”

“ನೀವೆಲ್ಲಾ ಸೇರಿ, ಬುದ್ಧಿ. ಪ್ರೀತಿಯಿಂದಾನೇ ಹಾಕಿದ್ರಿ” ಎಂದ ಚೆನ್ನಿಗ.

ಹಿರಿಯ ವೈದ್ಯ ತಲೆ ತಗ್ಗಿಸಿದ. “ನಾನು ಮಂಡಿ ನೋಡಿದೆ, ಇನ್ನೊಬ್ಬ ವೈದ್ಯರು ಹೊಟ್ಟೆ ನೋಡಿದರು. ಅಮ್ಮನನ್ನು ಯಾರೂ ನೋಡಲಿಲ್ಲ.” ಅಂದಿನಿಂದ ವೈದ್ಯರೆಲ್ಲ ಒಟ್ಟಿಗೆ ಕೂತು, ಬೇಕಾದ್ದನ್ನು ಉಳಿಸಿ, ಬೇಡವಾದದ್ದನ್ನು ಒಂದೊಂದಾಗಿ ಇಳಿಸುತ್ತ ಬಂದರು.

ರಾಜಮಾತೆ ಚೇತರಿಸಿಕೊಂಡ ಮೇಲೆ ಅರಮನೆಯಲ್ಲಿ ಊಟ. ಲಕ್ಕವ್ವ, ಚೆನ್ನಿಗ ಅವಳ ಪಕ್ಕದ ಎಲೆಗಳಲ್ಲಿ. ಪಾಯಸ ಬಡಿಸಲು ರಾಜನೇ ನಿಂತಿದ್ದ.

“ಅಮ್ಮಾ, ನನಗೆ ನೇರವಾಗಿ ಹೇಳಬಾರದಿತ್ತೇ?”

“ಹೇಳಿದೆನಪ್ಪ. ನೀನು ಅರಳುಮರಳು ಅಂದೆ. ಅದನ್ನೇ ನಾನು ಒಗಟು ಕಟ್ಟಿದೆ, ನೀನು ಊರಿಗೆಲ್ಲ ಡಂಗುರ ಹೊಡೆಸಿದೆ.”

ರಾಜ ಇನ್ನೊಂದು ಸೌಟು ತುಂಬಿದ. ತಾಯಿ ಎಲೆಗೆ ಕೈ ಅಡ್ಡ ಹಿಡಿದು “ಸಾಕು” ಎಂದಳು.

ಈ ಸಲ ಅವನಿಗೆ ಕೇಳಿಸಿತು.