ಹ್ಯಾಮ್‌ಸ್ಟರ್ ಕೆನ್ನೆಗೆ ಚೀಲ ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗಳು ಹರಿಯುತ್ತಿದ್ದವು, ಆದರೆ ಯಾವ ಹೊಳೆಗೂ ಹೆಸರಿರಲಿಲ್ಲ. ಗುಡ್ಡಗಳು ಎಲ್ಲಿ ಕೂರಬೇಕೆಂದು ಆಗಷ್ಟೇ ತೀರ್ಮಾನ ಮಾಡಿದ್ದವು. ಗಾಳಿ ಮಾತಾಡುತ್ತಿತ್ತು, ನೀರು ಮಾತಾಡುತ್ತಿತ್ತು. ಕೋಳಿ, ಹಂದಿ, ಬೆಕ್ಕು, ಬಾವಲಿ ಎಲ್ಲವೂ ಮನುಷ್ಯರ ಜೊತೆ ಹರಟೆ ಹೊಡೆಯುತ್ತಿದ್ದವು.

ಆಗ ಪ್ರತಿ ಜೀವದ ಮೈಯೂ ಒಂದು ಮನೆ. ಮೂಗೇ ಅದರ ಬಾಗಿಲು. ಬಾಗಿಲಿಗೊಂದು ಬೀಗ. ಒಂದು ಮನೆಯ ಬೀಗದಂತೆ ಇನ್ನೊಂದು ಮನೆಯ ಬೀಗ ಇರಲಿಲ್ಲ.

ಹೊಳೆಯ ದಂಡೆಯ ಮೇಲೆ ಮೊದಲ ಊರು. ಆ ಊರಲ್ಲಿ ದೇಮವ್ವ ಎಂಬ ಹೆಂಗಸು ತನ್ನ ತಾಯಿ ಕಲ್ಲವ್ವನ ಜೊತೆ ಬಾಳುತ್ತಿದ್ದಳು. ದೇಮವ್ವ ಕಂಡದ್ದನ್ನೆಲ್ಲ ಇದ್ದಿಲು ಹಿಡಿದು ಗೋಡೆಯ ಮೇಲೆ ಗುರುತು ಹಾಕಿಡುತ್ತಿದ್ದಳು. ಮಳೆ ಬಂದರೆ ಒಂದು ಗೀಟು. ಕೋಳಿ ಮೊಟ್ಟೆ ಇಟ್ಟರೆ ಒಂದು ಚುಕ್ಕೆ. ಹೊಳೆ ಉಕ್ಕಿದರೆ ಒಂದು ಸೊಟ್ಟ ಗೆರೆ.

ಊರ ಹಿರಿಯ ಅಡಿವೆಪ್ಪಜ್ಜ ಅವಳನ್ನು ಕೆಣಕುತ್ತಿದ್ದ. “ಏನವಾ ದೇಮವ್ವಾ, ಗ್ವಾಡಿ ತುಂಬಿತಲ್ಲ! ಇನ್ನ ಎಲ್ಲಿ ಬರೀತೀ?”

“ನಿಮ್ಮ ಮನಿ ಗ್ವಾಡಿ ಖಾಲಿ ಐತಲ್ಲ ಯಜ್ಜಾ,” ಎನ್ನುತ್ತಿದ್ದಳು ದೇಮವ್ವ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಹಣ್ಣು ಕಂಡರೆ ಮೊದಲು ಇಲಿಗೆ ಕೊಡುವುದು. ಹೊಸ ಗೆಡ್ಡೆ ಸಿಕ್ಕರೂ ಮೊದಲು ಇಲಿಗೆ. ಮೂರು ದಿನ ಇಲಿ ಚೆನ್ನಾಗಿದ್ದರೆ ಊರವರೂ ತಿನ್ನುವುದು. ಹಣ್ಣು, ಗೆಡ್ಡೆಗಳ ವಿಷಯದಲ್ಲಿ ಇಲಿಯ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಗಾಳಿ ಊರ ಹೊರಗೇ ನಿಂತು ಕೂಗಿತು. “ನನ್ನ ಬೆನ್ನ ಮ್ಯಾಲ ಯಾರೋ ಹತ್ತಿ ಕುಂತಾನ. ಕಣ್ಣಿಗೆ ಕಾಣೂದಿಲ್ಲ. ತಲಿ ಮ್ಯಾಲ ಮುಳ್ಳಿನ ಕಿರೀಟ ಐತಿ. ಎಲ್ಲಾರೂ ಹುಷಾರಿರ‍್ರಿ!”

ಆ ಕಿರೀಟದವನಿಗೆ ಸ್ವಂತ ಮನೆ ಇರಲಿಲ್ಲ. ಕಂಡವರ ಮನೆ ಹೊಕ್ಕು ಬಾಳುವುದೇ ಅವನ ಕಸುಬು. ಕಿರೀಟದ ಒಂದೊಂದು ಮುಳ್ಳೂ ಅವನಿಗೆ ಬೀಗದ ಕೈ.

ಊರವರು ಏನು ಮಾಡಿದರು? ಎಂದಿನಂತೆ ಇಲಿಯನ್ನು ಕರೆದರು. ಗಾಳಿ ಕಿರೀಟದವನನ್ನು ಇಲಿಯ ಮೂಗಿನ ಮೇಲೆ ಇಳಿಸಿತು. ಇಲಿ ಉಂಡಿತು, ಮಲಗಿತು, ಮತ್ತೆ ಉಂಡಿತು. ಮೂರನೆಯ ದಿನ ಮೀಸೆ ಒರೆಸಿಕೊಂಡು, “ನನಗೇನೂ ಆಗಿಲ್ಲ,” ಎಂದಿತು.

ಅಷ್ಟೇ ಸಾಕಾಯಿತು. ಗಾಳಿಯ ಮಾತಿಗೆ ಹೆದರಿ ಮನೆಯೊಳಗಿದ್ದ ಊರವರೆಲ್ಲ ಹೊರಬಂದರು. ನವಣೆ ಕುಟ್ಟುವ ದಿನ ಅದು. ಭುಜಕ್ಕೆ ಭುಜ ತಾಗಿಸಿ ಕೂತು, ಕುಟ್ಟುತ್ತ ಕುಟ್ಟುತ್ತ ಹಾಡಿದರು. ಒಬ್ಬರ ಹಾಡಿನ ಉಸಿರು ಇನ್ನೊಬ್ಬರ ಮೂಗಿಗೆ ಹೋಯಿತು. ಉಸಿರಿನ ಮೇಲೆ ಕಿರೀಟದವನೂ ಹೋದ.

ನಾಲ್ಕನೆಯ ದಿನ ಊರು ಕೆಮ್ಮತೊಡಗಿತು. ಒಂಬತ್ತು ಮಂದಿ ಮುದುಕರು ಚಾಪೆ ಹಿಡಿದರು. ಅವರಲ್ಲಿ ಕಲ್ಲವ್ವನೂ ಒಬ್ಬಳು.

“ಸುಳ್ಳ ಹೇಳಿದೀ!” ಎಂದು ಅಡಿವೆಪ್ಪಜ್ಜ ಇಲಿಯ ಮೇಲೆ ಕೋಲೆತ್ತಿದ.

“ನಾ ಯಾಕ ಸುಳ್ಳ ಹೇಳಲಿ?” ಎಂದಿತು ಇಲಿ. “ಅವ ಬಂದ, ಬೀಗಕ್ಕ ಕೈ ಹಾಕಿದ. ಕೈ ಹೊಂದಲಿಲ್ಲ, ಹ್ವಾದ. ನೀವು ನನ್ನ ಸುದ್ದಿ ಕೇಳಿದ್ರಿ, ನಾ ನನ್ನ ಸುದ್ದಿ ಹೇಳಿದೆ. ನಿಮ್ಮ ಬೀಗದ ಸುದ್ದಿ ನನಗೇನ ಗೊತ್ತು?”

ದೇಮವ್ವ ಈ ಮಾತು ಕೇಳಿ ಇದ್ದಿಲು ಕೈಗೆತ್ತಿಕೊಂಡಳು. ಆಮೇಲೆ ಗೋಡೆಯ ಮೇಲೆ ಇಲಿಯ ಚಿತ್ರ ಬರೆದು, ಪಕ್ಕದಲ್ಲಿ ಸೊನ್ನೆ ಹಾಕಿದಳು. ಅದರ ಕೆಳಗೆ ಉದ್ದಕ್ಕೆ ಜಾಗ ಬಿಟ್ಟಳು. ತಪ್ಪು ಇಲಿಯದಲ್ಲ, ಇಲಿ ಒಂದನ್ನೇ ಕೇಳಿದ್ದು ತಪ್ಪು.

“ಗಾಳಿಯಪ್ಪಾ,” ಎಂದು ಕರೆದಳು. “ಅವನನ್ನ ಒಬ್ಬೊಬ್ಬರ ಬಾಗಿಲಿಗೆ ಕರಕೊಂಡು ಬಾ. ಆದರ ಯಾರು ಒಪ್ತಾರೋ ಅವರ ಬಾಗಿಲಿಗೆ ಅಷ್ಟ. ನಾ ಮೊದಲ ಹೋಗಿ ಕೇಳ್ತೀನಿ.”

ಕೋಳಿಯನ್ನು ಕೇಳಿದಳು. ಕೋಳಿ ಒಪ್ಪಿತು. ಕಿರೀಟದವನು ಕೋಳಿಯ ಬೀಗಕ್ಕೆ ಎಲ್ಲ ಮುಳ್ಳುಗಳನ್ನೂ ಹಾಕಿ ತಿರುವಿದ. ಒಂದೂ ತಿರುಗಲಿಲ್ಲ. “ನನ್ನ ತಲಿ ಮ್ಯಾಲೂ ಕಿರೀಟ ಐತಿ, ನೋಡಿಲ್ಲೇನ?” ಎಂದು ಕೋಳಿ ಕೊಕ್ಕೊಕ್ಕೋ ನಕ್ಕಿತು. ದೇಮವ್ವ ಸೊನ್ನೆ ಹಾಕಿದಳು.

ಹಂದಿಯನ್ನು ಕೇಳಿದಳು. ಅಲ್ಲಿಯೂ ಬಾಗಿಲು ತೆರೆಯಲಿಲ್ಲ. ಬಾತುಕೋಳಿಯದೂ ತೆರೆಯಲಿಲ್ಲ. ನಾಯಿಯ ಬಾಗಿಲು ಒಂದಿಷ್ಟು ಸಂದು ಬಿಟ್ಟಿತು, ಆಮೇಲೆ ಮುಚ್ಚಿಕೊಂಡಿತು. ದೇಮವ್ವ ನಾಯಿಗೆ ಅರ್ಧ ಸೊನ್ನೆ ಹಾಕಿದಳು.

ಬೆಕ್ಕನ್ನು ಕೇಳಲು ಹೋದರೆ ಅದು ಬೇರೆಯೇ ಕಥೆ ಹೇಳಿತು. “ಅವನಾ? ಹ್ವಾದ ವಾರ ಬಂದಿದ್ದ. ಎರಡು ದಿನ ಸೀನು ಬಂತು, ಹೋತು.”

“ಮತ್ತ ಯಾರಿಗೂ ಹೇಳಲಿಲ್ಲಲ್ಲೇ ನೀ!”

“ನನ್ನ ಸೀನು, ನನ್ನ ಮೂಗು. ಹೇಳೂದೇನೈತಿ?” ಬೆಕ್ಕು ಪಂಜ ನೆಕ್ಕಿತು. “ಆಚೀ ಮನಿ ಬೆಕ್ಕಿಗೂ ಹತ್ತೇತಿ. ಅದೂ ಚಲೋನ ಐತಿ.”

ದೇಮವ್ವ ಬೆಕ್ಕಿನ ಮುಂದೆ ಎರಡು ಗುರುತು ಹಾಕಿದಳು. ಒಂದು, ಒಳಗೆ ಬಂದ. ಇನ್ನೊಂದು, ಸದ್ದಿಲ್ಲದೆ ಪಕ್ಕದ ಮನೆಗೂ ಹೋದ. ಆ ಗುರುತು ಹಾಕಿದವಳೇ ತನ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಚೆನ್ನಾಗಿರುವವರೂ ಮುದುಕರ ಹತ್ತಿರ ಹೋಗುವಾಗ ಮೂಗು ಮುಚ್ಚಿಕೊಳ್ಳಿ ಎಂದು ಊರಿಗೆಲ್ಲ ಹೇಳಿದಳು.

ಬಾವಲಿ ಗವಿಯಿಂದಲೇ ಉತ್ತರ ಕೊಟ್ಟಿತು. “ಇವನ ದಾಯಾದಿಗಳು ನಮ್ಮ ಮನ್ಯಾಗೂ ಅದಾರವ್ವ. ಅವರು ಗದ್ದಲ ಮಾಡೂದಿಲ್ಲ, ನಾವೂ ಜಗಳ ತಗಿಯೂದಿಲ್ಲ. ಜಗಳ ಆದ್ರನ ಮನಿ ಹಾಳಾಗೂದು.”

ಇಷ್ಟೆಲ್ಲ ಗುರುತಾದರೂ ದೇಮವ್ವನಿಗೆ ಬೇಕಾದದ್ದು ಸಿಗಲಿಲ್ಲ. ಬಾಗಿಲು ತೆರೆಯದವರಿದ್ದರು. ತೆರೆದರೂ ಕಾಯಿಲೆ ಬೀಳದವರಿದ್ದರು. ಅವ್ವನ ಹಾಗೆ ಮಲಗಿ, ಮುಂದೇನಾಗುತ್ತದೆ ಎಂದು ತೋರಿಸಬಲ್ಲವರು ಯಾರೂ ಇರಲಿಲ್ಲ. ಮನೆಯಲ್ಲಿ ಕಲ್ಲವ್ವನ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು.

ಆಗ ಹುಲ್ಲಿನ ಬುಡದಿಂದ ಒಂದು ಸಣ್ಣ ದನಿ ಬಂತು. “ನನ್ನ ಯಾರೂ ಕೇಳಲಿಲ್ಲ.”

ದೂರದ ಒಣನಾಡಿನಿಂದ ಬಂದು ನೆಲೆನಿಂತಿದ್ದ, ಬಾಲವೇ ಇಲ್ಲವೇನೋ ಅನ್ನಿಸುವಂಥ, ಕೆಂಚು ಬಣ್ಣದ ಗುಂಡು ಪ್ರಾಣಿ ಅದು. ನಾವೀಗ ಅದನ್ನು ಹ್ಯಾಮ್‌ಸ್ಟರ್ ಎನ್ನುತ್ತೇವೆ.

“ನಿನ್ನ ಬೀಗ ಎಂಥಾದ್ದು ನನಗೆ ಗೊತ್ತಿಲ್ಲಪ್ಪ,” ಎಂದಳು ದೇಮವ್ವ. “ಬಾಗಿಲ ತೆರದರ ನಿನಗ ತ್ರಾಸ ಆಗಬಹುದು. ಖರೇ ಹೇಳ್ತೀನಿ.”

ಹ್ಯಾಮ್‌ಸ್ಟರ್ ಹುಲ್ಲಿನಿಂದ ಹೊರಗೆ ಬಂತು. “ನಿಮ್ಮ ಅವ್ವ ನವಣಿ ಕುಟ್ಟಿ ಒಂದು ಹಿಡಿ ನನ್ನ ಬಿಲದ ಮುಂದ ಹಾಕತಿದ್ಲು. ಬರಲಿ ಅವ. ಆದರ ನನ್ನ ಹಂಗ ಬಿಟ್ಟು ಹೋಗಬಾರದು. ದಿನಾ ಬಂದು ನೋಡಬೇಕು.”

“ದಿನಾ ಬರ್ತೀನಿ. ಬೆಳಿಗ್ಗೆ ಒಮ್ಮೆ, ಸಂಜಿಗೆ ಒಮ್ಮೆ.”

ಕಿರೀಟದವನು ಬಂದ. ಮುಳ್ಳು ಹಾಕಿದ. ಬೀಗ ತಟ್ಟನೆ ತೆರೆಯಿತು. ಮನುಷ್ಯರ ಬೀಗಕ್ಕೂ ಹ್ಯಾಮ್‌ಸ್ಟರ್ ಬೀಗಕ್ಕೂ ಅಷ್ಟು ಹೋಲಿಕೆ.

ದೇಮವ್ವ ಎರಡು ಸೋರೆಬುರುಡೆಗಳಿಂದ ತಕ್ಕಡಿ ಮಾಡಿಕೊಂಡಿದ್ದಳು. ಒಂದರಲ್ಲಿ ಹ್ಯಾಮ್‌ಸ್ಟರ್, ಇನ್ನೊಂದರಲ್ಲಿ ಹೊಳೆಯ ಬೆಣಚುಕಲ್ಲು. ಮೊದಲ ದಿನ ಇಪ್ಪತ್ತು ಕಲ್ಲು. ಮೂರನೆಯ ದಿನ ಹತ್ತೊಂಬತ್ತು. ಮೈಯ ರೋಮ ಕೆದರಿತು, ಬೆನ್ನು ಗೂನಾಯಿತು. ಐದನೆಯ ದಿನ ಹದಿನೇಳು. ಎದುರಿಗೆ ನವಣೆ ಇಟ್ಟರೂ ಅದು ಮುಟ್ಟಲಿಲ್ಲ.

“ತಿನ್ನೋ ನನ್ನಪ್ಪಾ.”

“ಏನ ತಿನ್ನಲಿ?” ಎಂದಿತು ಹ್ಯಾಮ್‌ಸ್ಟರ್. “ಇಲ್ಲಿ ನವಣಿ ಎಲ್ಲೈತಿ? ವಾಸನೀನ ಇಲ್ಲ.”

ನವಣೆ ಅದರ ಮೂಗಿನ ಕೆಳಗೇ ಇತ್ತು! ಆಗ ದೇಮವ್ವನಿಗೆ ತಿಳಿಯಿತು. ಹಸಿವು ಸತ್ತಿಲ್ಲ. ಕಿರೀಟದವನು ಬಾಗಿಲಲ್ಲೇ ಕೂತು ವಾಸನೆಯನ್ನು ತಡೆದಿದ್ದಾನೆ. ವಾಸನೆ ಇಲ್ಲದ ಕಾಳು ಈ ಜೀವಕ್ಕೆ ಕಲ್ಲಿನ ಹಾಗೆ.

ಅವಳು ನವಣೆಯನ್ನು ನೆನೆಸಿ, ಮೆತ್ತಗೆ ಮಾಡಿ, ತನ್ನ ಕಿರುಬೆರಳಿನಿಂದ ಅದರ ಕೆನ್ನೆಯ ಒಳಗೆ ಇಟ್ಟಳು. ಎಡಗೆನ್ನೆಗೆ ಒಂದಿಷ್ಟು, ಬಲಗೆನ್ನೆಗೆ ಒಂದಿಷ್ಟು. “ವಾಸನಿ ಇರಲಿ ಬಿಡಲಿ, ಬಾಯಾಗಿರಲಿ. ನಿಧಾನಕ ನುಂಗು.” ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮರುದಿನ ಕಲ್ಲು ಹದಿನೇಳೇ ಇತ್ತು, ಕಡಿಮೆಯಾಗಲಿಲ್ಲ. ಅದರ ಮರುದಿನ ಹದಿನೆಂಟು.

ಅದೇ ಹೊತ್ತಿಗೆ ಕಲ್ಲವ್ವ ಅಂಬಲಿಯ ಬಟ್ಟಲಿನಿಂದ ಮುಖ ತಿರುಗಿಸಿದಳು.

ಆ ಊರಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಮುದುಕರು ಅನ್ನ ಬಿಟ್ಟರೆ ಹೊರಟರು ಎಂದೇ ಅರ್ಥ. ಅಂಥವರಿಗೆ ಒತ್ತಾಯ ಮಾಡುವಂತಿಲ್ಲ. ಚಾಪೆಯನ್ನು ಬಾಗಿಲ ಬಳಿ ಎಳೆದು, ನಾಲಿಗೆಗೆ ಎರಡು ಹನಿ ನೀರು ಬಿಟ್ಟು, ಸುತ್ತ ಕೂತು ಕಾಯುವುದು. ಅಡಿವೆಪ್ಪಜ್ಜ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಚಾಪೆಯ ತುದಿ ಹಿಡಿದೇಬಿಟ್ಟ.

“ಕೈ ಬಿಡು ಯಜ್ಜಾ,” ಎಂದಳು ದೇಮವ್ವ.

“ಅನ್ನ ಬಿಟ್ಟಾಳ ತಂಗೀ. ಹೋಗೂ ಜೀವಕ್ಕ ಯಾಕ ಕಾಟ ಕೊಡ್ತೀ?”

“ಅವ್ವ ಹೊಂಟಿಲ್ಲ. ಅವ್ವಗ ವಾಸನಿ ಹೋಗೇತಿ ಅಷ್ಟ. ಬಾ ಇಲ್ಲೆ, ಗ್ವಾಡಿ ನೋಡು.” ದೇಮವ್ವ ಅವನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು. “ಇಪ್ಪತ್ತು ಕಲ್ಲು. ಹತ್ತೊಂಬತ್ತು. ಹದಿನೇಳು. ಇಲ್ಲಿ ಅನ್ನ ಬಿಟ್ಟಿತ್ತು. ಇಲ್ಲಿಂದ ನಾ ಕೆನ್ನಿಗೆ ತುತ್ತು ಇಟ್ಟೆ. ಹದಿನೇಳು. ಹದಿನೆಂಟು. ಸಣ್ಣ ಮೈಯಾಗ ದಿನ ಲಗೂನ ಓಡತಾವ, ಅದಕ್ಕ ಅದು ನಮಗಿಂತ ಮುಂದ ಹೋಗಿ ನೋಡಿ ಬಂದೈತಿ.”

ಅಡಿವೆಪ್ಪಜ್ಜ ಗೋಡೆ ನೋಡಿದ. ಬೆರಳಿಟ್ಟು ಒಂದೊಂದೇ ಗೀಟು ಎಣಿಸಿದ. ಮತ್ತೊಮ್ಮೆ ಎಣಿಸಿದ. ಆಮೇಲೆ ತಾನೇ ಒಲೆಯ ಹತ್ತಿರ ಹೋಗಿ ಅಂಬಲಿ ಬಿಸಿ ಮಾಡಿದ. “ಹುಳಿ ಹಾಕಲೇನ?” ಎಂದು ಕೇಳಿದ.

“ಹುಳಿ ಹಾಕು, ಉಪ್ಪೂ ಹಾಕು.”

ದೇಮವ್ವ ತಾಯಿಯ ಕೆನ್ನೆಯ ಒಳಗೆ ತುತ್ತು ಇಟ್ಟಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಉಳಿದ ಎಂಟು ಮಂದಿಗೂ ಅವರವರ ಮನೆಯವರು ಹಾಗೆಯೇ ಇಟ್ಟರು. ಅವರಲ್ಲಿ ಒಬ್ಬ ಮುದುಕ ಉಳಿಯಲಿಲ್ಲ. ಅವನದೂ ಒಂದು ಗೀಟನ್ನು ದೇಮವ್ವ ಗೋಡೆಯ ಮೇಲೆ ಎಳೆದಳು, ಆ ಸಾವನ್ನು ಲೆಕ್ಕದಿಂದ ಬಿಡಲಿಲ್ಲ. ಕಲ್ಲವ್ವನೂ ಸೇರಿ ಎಂಟು ಮಂದಿ ಎದ್ದು ಕೂತರು.

ಹದಿನಾಲ್ಕನೆಯ ದಿನ ಹ್ಯಾಮ್‌ಸ್ಟರ್ ಇಪ್ಪತ್ತೊಂದು ಕಲ್ಲು ತೂಗಿತು. ಇನ್ನೂ ಒಂದು ವಾರ ಕಳೆದ ಮೇಲೆ ಕಲ್ಲವ್ವ ಮೂಗು ಅರಳಿಸಿ, “ಏನದು, ಅಂಬಲಿ ಸೀದೈತಲ್ಲ! ಯಾರು ಮಾಡಿದ್ದು?” ಎಂದಳು. ಒಲೆಯ ಮುಂದಿದ್ದ ಅಡಿವೆಪ್ಪಜ್ಜ ಹಲ್ಲು ಕಿರಿದ. ದೇಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಮಾತನ್ನೂ ಗುರುತು ಹಾಕಿಟ್ಟಳು.

ಕಿರೀಟದವನು ಲೋಕ ಬಿಟ್ಟು ಹೋಗಲಿಲ್ಲ. ಕಿರೀಟದ ಮುಳ್ಳುಗಳನ್ನು ಅರೆದು, ತಿದ್ದಿ, ಹೊಸ ಹೊಸ ಬೀಗದ ಕೈ ಮಾಡಿಕೊಳ್ಳುತ್ತಲೇ ಇದ್ದಾನೆ. ಮುಂದೊಂದು ಕಾಲಕ್ಕೆ ಇಲಿಯ ಬಾಗಿಲನ್ನೂ ತೆರೆದ ಎನ್ನುತ್ತಾರೆ. ಆದರೇನಂತೆ, ಕೇಳುವವರೂ ಈಗ ಒಬ್ಬರನ್ನೇ ಕೇಳಿ ಸುಮ್ಮನಾಗುವುದಿಲ್ಲ.

ಹ್ಯಾಮ್‌ಸ್ಟರ್ ಮಾತ್ರ ಆ ದಿನಗಳನ್ನು ಮರೆಯಲಿಲ್ಲ. ಬೆರಳು ಆಡಿ ಆಡಿ ಅದರ ಎರಡೂ ಕೆನ್ನೆಗಳು ಚೀಲದ ಹಾಗೆ ಹಿಗ್ಗಿದವು. ಅದಕ್ಕೆ ಹುಟ್ಟಿದ ಮರಿಗಳಿಗೂ ಹಾಗೆಯೇ ಇದ್ದವು, ಮರಿಯ ಮರಿಗಳಿಗೂ ಹಾಗೆಯೇ.

ಅದಕ್ಕೇ ಮಕ್ಕಳೇ, ಗೆಳತಿಯ ಮನೆಯ ಪಂಜರದಲ್ಲಿ ನೀವು ಈಗ ಕಾಣುವ ಹ್ಯಾಮ್‌ಸ್ಟರ್, ಮುಂದಿನ ಬಟ್ಟಲು ತುಂಬಿದ್ದರೂ ಒಂದೊಂದೇ ಕಾಳನ್ನು ಎತ್ತಿ ಮೂಸಿ, ಎಡಗೆನ್ನೆಗೆ ಒಂದಿಷ್ಟು, ಬಲಗೆನ್ನೆಗೆ ಒಂದಿಷ್ಟು ತುಂಬಿಕೊಳ್ಳುತ್ತದೆ.